ಐದಂಗುಲದ ಎಡೆ: ಮನೆಯಂಗಳದಲ್ಲಿ ಕಾರಿನ ಎಣ್ಣೆ ಬದಲಿಸಿದವರ ಚರಿತ್ರೆ

1966ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕೈಪಿಡಿ ಪ್ರಕಟವಾಯಿತು. ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಗಿಡ್ಡ ಸ್ಪೋರ್ಟ್ಸ್ ಕಾರನ್ನು ಅದರ ಒಡೆಯನು ತಾನೇ ಬಿಚ್ಚಿ, ಶುಚಿಗೊಳಿಸಿ, ಮರಳಿ ಜೋಡಿಸುವುದು ಹೇಗೆಂಬುದೇ ಅದರ ವಸ್ತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳು ತುಂಬುವ ಮೊದಲೇ ಮುಗಿದವು. ಅದನ್ನು ರಚಿಸಿದ ಜಾನ್ ಹೇನ್ಸ್ ಅವರ ಹೆಸರಿನಲ್ಲಿ ಆಮೇಲೆ ಬಂದ ಕೈಪಿಡಿಗಳು ಜಗತ್ತಿನಾದ್ಯಂತ ಇಪ್ಪತ್ತು ಕೋಟಿಗೂ ಹೆಚ್ಚು ಮಾರಾಟವಾಗಿವೆ. ಇಂಗ್ಲಿಷ್ ಎಂ.ಎ. ತರಗತಿಯ ಯಾವ ಪಠ್ಯಪಟ್ಟಿಯಲ್ಲೂ ಈ ಪುಸ್ತಕವನ್ನು ನಾನು ಕಂಡಿಲ್ಲ. ಆದರೂ ಆ ಭಾಷೆಯ ಗದ್ಯವನ್ನು ಇಷ್ಟೊಂದು ಜನ ಇಷ್ಟೊಂದು ಎಚ್ಚರದಿಂದ, ಒಂದೊಂದು ವಾಕ್ಯವನ್ನೂ ಕೈಯಿಂದ ಮಾಡಿ ನೋಡುತ್ತ ಓದಿದ ಇನ್ನೊಂದು ಉದಾಹರಣೆ ಸುಲಭವಾಗಿ ಸಿಗಲಾರದು.

ಕೈಪಿಡಿಯಲ್ಲಿ ಹೇಳಿರುವ ಕೆಲಸಗಳ ಪೈಕಿ ಅತ್ಯಂತ ಸಾಮಾನ್ಯವಾದದ್ದು ಎಂಜಿನ್ನಿನ ಎಣ್ಣೆ ಬದಲಿಸುವುದು. ಇದಕ್ಕೆ ಅಸಾಧಾರಣ ಜಾಣ್ಮೆ ಬೇಡ. ಒಂದು ತಿರುಪನ್ನು ಬಿಚ್ಚಿ ಹಳೆಯದನ್ನು ಹರಿಯಬಿಟ್ಟು ಹೊಸದನ್ನು ಸುರಿದರಾಯಿತು. ಇಷ್ಟು ಸರಳವಾದ ಕೆಲಸವು ಯಾವ ಕಾಲದಲ್ಲಿ ಯಾರ ಪಾಲಿಗೆ ಬಂತು, ಯಾವಾಗ ಅವರ ಕೈತಪ್ಪಿತು ಎಂಬುದನ್ನು ಹಿಂಬಾಲಿಸಿದರೆ, ಯಂತ್ರವೊಂದರ ಮೇಲಿನ ಒಡೆತನವೆಂದರೆ ಏನು ಎಂಬ ಪ್ರಶ್ನೆಯೇ ಎದುರಾಗುತ್ತದೆ. ಹಣ ಕೊಟ್ಟವನು ಒಡೆಯನೆಂದು ಕಾನೂನು ಹೇಳುತ್ತದೆ. ಅದರ ಒಳಗನ್ನು ಬಲ್ಲವನು ಒಡೆಯನೆಂದು ಈ ಚರಿತ್ರೆ ಹೇಳುವಂತಿದೆ.

ಎಣ್ಣೆಯ ಕಥೆ ಕಾರಿಗಿಂತ ಬಹಳ ಹಳೆಯದು. ನಮ್ಮ ಹಳ್ಳಿಗಳ ಎತ್ತಿನ ಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆಯನ್ನು ಬಲ್ಲವರು ಈಗಲೂ ಇದ್ದಾರೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುವ ಕೆಲಸ ಗಾಡಿ ಹೊಡೆಯುವವನದೇ ಆಗಿತ್ತು. ಇದೇ ಹರಳೆಣ್ಣೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರುಗಳ ಒಳಹೊಕ್ಕಿತು. 1899ರಲ್ಲಿ ಲಂಡನ್ನಿನಲ್ಲಿ ಎಣ್ಣೆಯ ವ್ಯಾಪಾರ ಆರಂಭಿಸಿದ ಚಾರ್ಲ್ಸ್ ವೇಕ್‌ಫೀಲ್ಡ್, 1909ರಲ್ಲಿ ಹೊಸ ಎಂಜಿನ್ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟರು. ಅದರಲ್ಲಿ ಬೆರೆತಿದ್ದ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ ಎಂಬುದೇ ಆ ಹೆಸರಿನ ಮೂಲ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಎಂಜಿನ್ನಿನ ಸಿಲಿಂಡರುಗಳೇ ಗಿರಗಿರನೆ ತಿರುಗುತ್ತಿದ್ದ ರೋಟರಿ ಎಂಜಿನ್ನುಗಳು ಹೇರಳವಾಗಿದ್ದವು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದಿರುವುದರಿಂದ ಆ ಎಂಜಿನ್ನುಗಳಿಗೆ ಅದೇ ಬೇಕಾಗಿತ್ತು. ಅಲ್ಲಿ ಎಣ್ಣೆ ಬದಲಿಸುವ ಮಾತೇ ಇರಲಿಲ್ಲ. ಹೋದ ಎಣ್ಣೆ ಹೊಗೆಯೊಂದಿಗೆ ಹೊರಗೆ ಹಾರಿಹೋಗುತ್ತಿತ್ತು. ಅದನ್ನು ಉಸಿರಾಡಿದ ವಿಮಾನಚಾಲಕರ ಹೊಟ್ಟೆಯ ಅವಸ್ಥೆಯ ಬಗ್ಗೆ ಅನೇಕ ಕಥೆಗಳಿವೆ. ಬಾಲ್ಯದಲ್ಲಿ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದವರಿಗೆ ಅವುಗಳನ್ನು ವಿವರಿಸುವ ಅಗತ್ಯವಿಲ್ಲ.

ಕಾರುಗಳಲ್ಲಿ ಸಸ್ಯಜನ್ಯ ಎಣ್ಣೆ ಬಹುಕಾಲ ಉಳಿಯಲಿಲ್ಲ. ಕಾಯಿಸಿದಂತೆಲ್ಲ ಅದು ಅಂಟಾಗುತ್ತದೆ. ನೆಲದಾಳದಿಂದ ಬಂದ ಖನಿಜತೈಲ ಅಗ್ಗವಾಗಿತ್ತು, ಎಂಜಿನ್ನಿನೊಳಗೆ ಮತ್ತೆ ಮತ್ತೆ ಸುತ್ತಬಲ್ಲದಾಗಿತ್ತು. ಆದರೆ ಸುತ್ತುವ ಎಣ್ಣೆ ಕೊಳೆಯಾಗುತ್ತದೆ. ಉರಿಯುವ ಇಂಧನದ ಮಸಿ, ಲೋಹದ ಸಣ್ಣ ಪುಡಿ, ಉಸಿರಿನೊಂದಿಗೆ ಬಂದ ಧೂಳು, ತಣ್ಣನೆಯ ಎಂಜಿನ್ನಿನಲ್ಲಿ ಕೂಡುವ ನೀರಿನ ಹನಿ, ಅವುಗಳಿಂದ ಹುಟ್ಟುವ ಆಮ್ಲ, ಎಲ್ಲವೂ ಅದರಲ್ಲಿ ಸೇರುತ್ತವೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ಎಷ್ಟು ಎಣ್ಣೆ ಉಳಿದಿದೆಯೆಂದು ತಿಳಿಯಲು ಎಂಜಿನ್ನಿನ ಹಿಂಬದಿಯ ತಳದಲ್ಲಿದ್ದ ಎರಡು ಸಣ್ಣ ನಲ್ಲಿಗಳನ್ನು ತೆರೆದು ನೋಡಬೇಕಿತ್ತು. ಅದಕ್ಕಾಗಿ ಕಾರಿನಡಿಗೆ ಬಾಗಲೇಬೇಕಿತ್ತು. ಸಾವಿರ ಮೈಲಿ ಓಡುವುದರೊಳಗೆ ಎಣ್ಣೆ ಬದಲಿಸುವುದು ಆ ಕಾಲದ ಸಾಮಾನ್ಯ ನಿಯಮ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಣ್ಣೆ ಸೋಸುವ ಫಿಲ್ಟರನ್ನು ರೂಪಿಸಿ ಅದಕ್ಕೆ ‘ಪ್ಯುರೊಲೇಟರ್’ ಎಂದು ಹೆಸರಿಟ್ಟ ಮೇಲೆ ಈ ಅವಧಿ ನಿಧಾನವಾಗಿ ಹಿಗ್ಗತೊಡಗಿತು.

ಕೊಳೆಯಾದ ಎಣ್ಣೆ ಬಂದು ನಿಲ್ಲುವ ಪಾತ್ರೆಗೆ ಇಂಗ್ಲಿಷಿನಲ್ಲಿ ‘ಸಂಪ್’ ಎನ್ನುತ್ತಾರೆ. ಮೂಲದಲ್ಲಿ ಇದು ಜೌಗುನೆಲಕ್ಕಿದ್ದ ಹೆಸರು. ಮುಂದೆ ಗಣಿಗಳಲ್ಲಿ ನೀರು ಬಸಿದು ಸೇರುವ ಗುಂಡಿಗೂ, ಅಲ್ಲಿಂದ ಎಂಜಿನ್ನಿನ ತಳದ ತಟ್ಟೆಗೂ ಅದೇ ಮಾತು ಬಂತು. ಬೆಂಗಳೂರಿನ ಮನೆಗಳಲ್ಲಿ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿಯನ್ನು ನಾವು ‘ಸಂಪು’ ಎಂದು ಕರೆಯುವುದೂ ಇದೇ ಪದವನ್ನು. ಕನ್ನಡದ ಸಂಪಿನಲ್ಲಿ ಕುಡಿಯುವ ನೀರು ನಿಲ್ಲುತ್ತದೆ, ಕಾರಿನ ಸಂಪಿನಲ್ಲಿ ಮಸಿಯೆಣ್ಣೆ. ಎರಡಕ್ಕೂ ಸಾಮಾನ್ಯವಾದದ್ದೆಂದರೆ ಶುಚಿಗೊಳಿಸಲು ಯಾರಾದರೊಬ್ಬರು ಕೆಳಗಿಳಿಯಲೇಬೇಕು.

ಸಂಪು ಇರುವುದು ಕಾರಿನ ಅತ್ಯಂತ ಕೆಳಭಾಗದಲ್ಲಿ. ಸ್ಪೋರ್ಟ್ಸ್ ಕಾರಿನ ತೊಡಕು ಆರಂಭವಾಗುವುದು ಇಲ್ಲಿಂದ. ತಿರುವುಗಳಲ್ಲಿ ವಾಲದೆ ಓಡಬೇಕಾದರೆ ವಾಹನದ ಭಾರ ನೆಲಕ್ಕೆ ಹತ್ತಿರವಿರಬೇಕು. ಗಾಳಿಯನ್ನು ಸೀಳಿ ಹೋಗಬೇಕಾದರೆ ಎದುರಿನ ಮೈ ಚಿಕ್ಕದಿರಬೇಕು. ಹೀಗಾಗಿ ಕಾರುಗಳು ತಗ್ಗುತ್ತ ಹೋದವು. 1922ರ ಲಾನ್ಸಿಯಾ ಲ್ಯಾಂಬ್ಡಾದಲ್ಲಿ ಪ್ರತ್ಯೇಕ ಚಾಸಿಯ ಬದಲು ಕಾರಿನ ಒಡಲೇ ಭಾರ ಹೊರುವಂತಾಗಿ ಅದರ ಎತ್ತರ ಇಳಿಯಿತು. 1964ರಲ್ಲಿ ಬಂದ ಫೋರ್ಡ್ ಜಿಟಿ40ರ ಹೆಸರಿನಲ್ಲಿರುವ 40 ಎಂಬ ಅಂಕಿಯೇ ಅದರ ಎತ್ತರವನ್ನು ಅಂಗುಲಗಳಲ್ಲಿ ಸೂಚಿಸುತ್ತದೆ. ಕಾರು ತಗ್ಗಿದಷ್ಟೂ ಅದರ ತಳ ಒಡೆಯನಿಂದ ದೂರವಾಯಿತು. ಸಾಮಾನ್ಯ ಕಾರಿನಡಿ ತೂರಿ ಹೊರಬರಬಲ್ಲವನ ತೋಳು ಕೂಡ ಈ ಕಾರಿನಡಿ ಹೋಗದು.

ವಿಚಿತ್ರವೆಂದರೆ, ತಮ್ಮ ಕೈಯಿಂದಲೇ ಎಣ್ಣೆ ಬದಲಿಸುವ ಅಭ್ಯಾಸ ಅತ್ಯಂತ ಗಾಢವಾಗಿ ಬೇರೂರಿದ್ದು ಇಂಥ ಗಿಡ್ಡ ಕಾರುಗಳ ಒಡೆಯರಲ್ಲೇ, ಅದರಲ್ಲೂ ಯುದ್ಧೋತ್ತರ ಬ್ರಿಟನ್ನಿನಲ್ಲಿ. ಇದಕ್ಕೆ ಕಾರಣಗಳಿವೆ. ಯುದ್ಧ ಮತ್ತು ಆನಂತರದ ಕಡ್ಡಾಯ ಸೈನಿಕಸೇವೆ ಲಕ್ಷಾಂತರ ತರುಣರ ಕೈಗೆ ಸ್ಪ್ಯಾನರ್ ಕೊಟ್ಟಿದ್ದವು. ಮುಂದೆ ರಾಣಿಯಾದ ಎಲಿಜಬೆತ್ ಕೂಡ 1945ರಲ್ಲಿ ಮಹಿಳಾ ಸಹಾಯಕ ಪಡೆಯನ್ನು ಸೇರಿ ಚಾಲಕಿ ಹಾಗೂ ಮೆಕ್ಯಾನಿಕ್ ತರಬೇತಿ ಪಡೆದರು. ಇನ್ನೊಂದೆಡೆ ಹೊಸ ಕಾರಿನ ಮೇಲೆ ಖರೀದಿ ತೆರಿಗೆಯ ಹೊರೆ. 1940ರಲ್ಲಿ ಜಾರಿಗೆ ಬಂದ ಈ ತೆರಿಗೆ ಕಾರುಗಳ ಮಟ್ಟಿಗೆ ಐವತ್ತರ ದಶಕದಲ್ಲಿ ಒಂದು ಘಟ್ಟಕ್ಕೆ ಶೇ 60ಕ್ಕೆ ಏರಿತ್ತು. ಹೊಸದನ್ನು ಕೊಳ್ಳಲಾಗದ ತರುಣರು 1922ರಿಂದ 1939ರವರೆಗೆ ತಯಾರಾಗಿದ್ದ ಹಳೆಯ ಆಸ್ಟಿನ್ ಸೆವೆನ್ ಕಾರುಗಳನ್ನು ಅಗ್ಗಕ್ಕೆ ತಂದು, ಮೇಲಿನ ಒಡಲನ್ನು ಕಿತ್ತು, ತಮ್ಮದೇ ಗಿಡ್ಡ ಒಡಲನ್ನು ಕಟ್ಟತೊಡಗಿದರು. ಅವರಲ್ಲಿ ಒಬ್ಬರು ಕಾಲಿನ್ ಚಾಪ್‌ಮನ್. 1948ರಲ್ಲಿ ಅವರು ಹಾಗೆ ಕಟ್ಟಿದ ಕಾರಿನಿಂದ ಲೋಟಸ್ ಎಂಬ ಹೆಸರು ಹುಟ್ಟಿತು.

1957ರಲ್ಲಿ ಚಾಪ್‌ಮನ್ ಹೊರತಂದ ಲೋಟಸ್ ಸೆವೆನ್ ಬಿಡಿಭಾಗಗಳ ಪೆಟ್ಟಿಗೆಯಾಗಿಯೂ ಸಿಗುತ್ತಿತ್ತು. ಜೋಡಿಸದ ಕಾರಿಗೆ ಖರೀದಿ ತೆರಿಗೆ ಇರಲಿಲ್ಲ. ಆದರೆ ಜೋಡಿಸುವ ಕ್ರಮವನ್ನು ವಿವರಿಸುವ ಕಾಗದವನ್ನು ಜೊತೆಗಿಟ್ಟರೆ ಆ ವಿನಾಯಿತಿಗೆ ಕುತ್ತು. ಆಗ ಚಾಪ್‌ಮನ್ ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಅದನ್ನು ತಲೆಕೆಳಗಾಗಿ ಓದಿಕೊಳ್ಳಲು ಬಿಟ್ಟರೆಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆ. ಕಡತಗಳ ಲೋಕವನ್ನು ಬಲ್ಲವರು ಈ ಜಾಣತನಕ್ಕೆ ಮನಸಾರೆ ತಲೆದೂಗಬಹುದು. ತೆರಿಗೆಯ ನಿಯಮವೊಂದು ತನಗರಿವಿಲ್ಲದೆಯೇ ಒಂದು ಪೀಳಿಗೆಯ ಯಂತ್ರವಿದ್ಯೆಯ ಗುರುವಾಯಿತು. ತಾನೇ ಕೂಡಿಸಿದ ಕಾರಿನ ಎಣ್ಣೆ ಬದಲಿಸಲು ಆ ಒಡೆಯ ಬೇರೊಬ್ಬನ ಬಾಗಿಲಿಗೆ ಹೋಗುವುದೆಂತು?

ಸ್ಪ್ರೈಟ್ ಬಂದದ್ದು ಮರುವರ್ಷ, 1958ರಲ್ಲಿ. ಡೊನಾಲ್ಡ್ ಹೀಲಿ ರೂಪಿಸಿದ ಈ ಕಾರಿಗೆ 948 ಸಿಸಿ ಎಂಜಿನ್, ತೆರಿಗೆ ಸೇರಿ ಸುಮಾರು 670 ಪೌಂಡು ಬೆಲೆ. ವೆಚ್ಚ ತಗ್ಗಿಸಲು ಹೊರಗಿನ ಬಾಗಿಲಹಿಡಿಯನ್ನೂ ಹಿಂಬದಿಯ ಡಿಕ್ಕಿಯ ಮುಚ್ಚಳವನ್ನೂ ಕೈಬಿಟ್ಟಿದ್ದರು. ಮುಂದೀಪಗಳು ಬಾನೆಟ್ಟಿನ ಮೇಲೆ ಕಪ್ಪೆಯ ಕಣ್ಣುಗಳಂತೆ ಉಬ್ಬಿ ನಿಂತದ್ದರಿಂದ ‘ಫ್ರಾಗ್‌ಐ’ ಎಂಬ ಅಡ್ಡಹೆಸರು ಬಂತು. ಮುಂಭಾಗದ ಇಡೀ ಕವಚ ಒಂದೇ ತುಂಡಾಗಿ ಮೇಲೇಳುತ್ತಿತ್ತು; ಎಂಜಿನ್ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ತಳದ ಮಾತು ಮಾತ್ರ ಬೇರೆ. ನೆಲಕ್ಕೂ ಕಾರಿಗೂ ನಡುವಿನ ಎಡೆ ಐದೇ ಅಂಗುಲ.

ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ, ಸಿಲೋನಿನಲ್ಲಿ. ತಂದೆ ಅಲ್ಲಿ ಚಹಾ ತೋಟದ ವ್ಯವಸ್ಥಾಪಕರು. ಓದಿಗೆಂದು ಇಂಗ್ಲೆಂಡಿಗೆ ಹೋದ ಹುಡುಗ ಶಾಲೆಯ ವಸತಿಯಲ್ಲಿದ್ದುಕೊಂಡೇ ಆಸ್ಟಿನ್ ಸೆವೆನ್ ಒಂದನ್ನು ಗಿಡ್ಡ ಕಾರಾಗಿ ಮಾರ್ಪಡಿಸಿದ. ಆ ಅನುಭವವನ್ನು ಬರೆದು 1956ರಲ್ಲಿ ತಂದ ಕಿರುಹೊತ್ತಗೆಯ 250 ಪ್ರತಿಗಳು ಹತ್ತು ದಿನಗಳಲ್ಲಿ ಖರ್ಚಾದವು. ಮುಂದೆ ವಾಯುಪಡೆ ಸೇರಿದ ಹೇನ್ಸ್ ಅರವತ್ತರ ದಶಕದ ನಡುವೆ ಏಡನ್ನಿನಲ್ಲಿದ್ದರು. ಏಡನ್ ನಮಗೆ ಪೂರ್ತಿ ಪರಕೀಯವಲ್ಲ. 1839ರಿಂದ 1932ರವರೆಗೆ, ಧಾರವಾಡ ಬಿಜಾಪುರಗಳನ್ನು ಆಳಿದ ಅದೇ ಬೊಂಬಾಯಿಯ ಸರ್ಕಾರದ ಆಡಳಿತ ಆ ಬಂದರಿನ ಮೇಲೂ ಇತ್ತು. ಹೇನ್ಸ್ ಅಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಜೀರ್ಣವಾದ ಸ್ಪ್ರೈಟ್ ಒಂದನ್ನು ಕೊಂಡು ದುರಸ್ತಿಗೆ ನೆರವು ಕೇಳಿದರು. ತಯಾರಕರ ಅಧಿಕೃತ ಕೈಪಿಡಿ ಸಾಮಾನ್ಯ ಒಡೆಯನ ಉಪಯೋಗಕ್ಕೆ ಬರುವಂತಿರಲಿಲ್ಲ. ಅದು ಬರೆದದ್ದು ವಿಶೇಷ ಸಲಕರಣೆಗಳುಳ್ಳ ವೃತ್ತಿನಿರತ ಮೆಕ್ಯಾನಿಕ್ಕಿಗಾಗಿ. ಅವನಿಗೆ ಗೊತ್ತಿರುವುದನ್ನು ಅದು ಹೇಳುವುದಿಲ್ಲ, ಒಡೆಯನಿಗೆ ಗೊತ್ತಿಲ್ಲದಿರುವುದೆಲ್ಲ ಅದೇ. ಹೇನ್ಸ್ ಕಾರನ್ನು ಬಿಚ್ಚುತ್ತ, ಮರಳಿ ಕೂಡಿಸುತ್ತ, ಹಂತಹಂತಕ್ಕೂ ಛಾಯಾಚಿತ್ರ ತೆಗೆದರು. 1966ರ ಕೈಪಿಡಿ ಹುಟ್ಟಿದ್ದು ಹೀಗೆ. ಒಂದು ಕಾರನ್ನು ನಿಜವಾಗಿ ಬಿಚ್ಚಿ ಜೋಡಿಸಿದ ಹೊರತು ಅದರ ಕುರಿತು ಬರೆಯಬಾರದೆಂಬುದೇ ಆ ಪ್ರಕಾಶನದ ನಿಯಮವಾಯಿತು.

ಆ ಕಾಲದಲ್ಲಿ ಸ್ಪ್ರೈಟಿನಂಥ ಕಾರಿನ ಎಣ್ಣೆ ಬದಲಿಸುವುದೆಂದರೆ ಭಾನುವಾರದ ಬೆಳಗಿನ ಕೆಲಸ. ಮೊದಲು ಕಾರನ್ನು ಕೆಲವು ಮೈಲಿ ಓಡಿಸಿ ತರಬೇಕು; ಬಿಸಿಯಾದ ಎಣ್ಣೆ ತೆಳುವಾಗಿ, ತಳದ ಕೊಳೆಯನ್ನೂ ಕೂಡಿಕೊಂಡು ಹರಿಯುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಹಿಂಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಜಾಕ್ ಹಚ್ಚಿ ಎತ್ತಬೇಕು. ಎತ್ತಿದ ಜಾಕನ್ನೇ ನಂಬಿ ಕೆಳಗೆ ನುಸುಳಬಾರದು, ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಬೇಕೆಂಬುದು ಕೈಪಿಡಿಗಳ ಮೊದಲ ಆಜ್ಞೆ. ಕೆಲವರು ಗ್ಯಾರೇಜಿನ ನೆಲದಲ್ಲೇ ಗುಂಡಿ ತೋಡಿಸುತ್ತಿದ್ದರು. ಅದರಲ್ಲೂ ಅಪಾಯವಿತ್ತು, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಒಂದು ಕಿಡಿ ಸಾಕು.

ಬೆನ್ನ ಮೇಲೆ ಮಲಗಿ, ಒಂದು ಕಿವಿಯನ್ನು ನೆಲಕ್ಕೊತ್ತಿ, ಸಂಪಿನ ತಿರುಪನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಿನಿಂದ ತಿರುಗಿಸಬೇಕು. ತಿರುಪು ಕೈಗೆ ಬಂದ ಕ್ಷಣವೇ ಬಿಸಿ ಎಣ್ಣೆ ಮಣಿಕಟ್ಟಿನ ಮೇಲಿಂದ ಮೊಣಕೈವರೆಗೆ ಹರಿಯುವುದು ಹೆಚ್ಚುಕಡಿಮೆ ಖಚಿತ. ಎಣ್ಣೆ ಬಸಿಯುವಷ್ಟು ಹೊತ್ತು ಎಂಜಿನ್ನಿನ ಪಕ್ಕಕ್ಕಿದ್ದ ಫಿಲ್ಟರಿನ ಬಟ್ಟಲನ್ನು ಬಿಚ್ಚಿ, ಒಳಗಿನ ಸೋಸುಪಟ್ಟಿಯನ್ನು ಬದಲಿಸಿ, ತೋಡಿನಲ್ಲಿ ಕಚ್ಚಿಕೊಂಡ ಹಳೆಯ ರಬ್ಬರ್ ಉಂಗುರವನ್ನು ಸೂಜಿಯಂಥದರಿಂದ ಎಬ್ಬಿಸಿ ತೆಗೆಯಬೇಕು. ಹಳೆಯದನ್ನು ತೆಗೆಯದೆ ಅದರ ಮೇಲೆ ಹೊಸದನ್ನು ಕೂರಿಸಿದರೆ ಎಣ್ಣೆಯೆಲ್ಲ ಹೊರಗೆ ಚಿಮ್ಮೀತು. ಹೊಸ ಎಣ್ಣೆ ಸುರಿದು, ಎಂಜಿನ್ ಚಾಲೂ ಮಾಡಿ, ಎಣ್ಣೆಯ ಒತ್ತಡದ ಮುಳ್ಳು ಮೇಲೇರುವುದನ್ನು ನೋಡಿ, ನಿಲ್ಲಿಸಿ, ಅಳತೆಕಡ್ಡಿಯನ್ನು ಒರಸಿ ಅದ್ದಿ ನೋಡಿದಲ್ಲಿಗೆ ಕೆಲಸ ಮುಗಿಯಿತು. ಸುಮಾರು ಮೂರು ಸಾವಿರ ಮೈಲಿಗೊಮ್ಮೆ ಇದರ ಪುನರಾವರ್ತನೆ.

ಬಸಿದ ಎಣ್ಣೆಯೇ ಒಂದು ಪಠ್ಯವಾಗಿತ್ತು. ಅದರಲ್ಲಿ ಲೋಹದ ಹೊಳಪಿದ್ದರೆ ಬೇರಿಂಗ್ ಸವೆಯುತ್ತಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಪೆಟ್ರೋಲಿನ ವಾಸನೆಯಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕೆಳಗೆ ಮಲಗಿದವನ ಕಣ್ಣಿಗೆ ತುಕ್ಕು ಹಿಡಿದ ಪೈಪು, ಸೀಳಿದ ರಬ್ಬರು, ಬ್ರೇಕಿನ ಸೋರಿಕೆಗಳೂ ಬೀಳುತ್ತಿದ್ದವು. ಎಣ್ಣೆ ಬದಲಿಸುವ ನೆಪದಲ್ಲಿ ಒಡೆಯನು ವರ್ಷಕ್ಕೆ ನಾಲ್ಕಾರು ಬಾರಿ ತನ್ನ ಕಾರನ್ನು ಓದುತ್ತಿದ್ದ.

ಈ ಚಿತ್ರವನ್ನು ಬರಿಯ ಹಂಬಲದಿಂದ ನೋಡುವಂತಿಲ್ಲ. ಬಸಿದ ಎಣ್ಣೆ ಎಲ್ಲಿಗೆ ಹೋಗುತ್ತಿತ್ತೆಂಬ ಪ್ರಶ್ನೆಗೆ ಆ ಪೀಳಿಗೆಯ ಉತ್ತರ ಹಿತವಾದದ್ದಲ್ಲ. ಹಿತ್ತಲ ಮೂಲೆ, ಬೇಲಿಯ ಬುಡ, ಬೀದಿಯ ಚರಂಡಿ ಅದರ ಸಾಮಾನ್ಯ ಗಮ್ಯಗಳು. ಸೀಸ ಬೆರೆತ ಪೆಟ್ರೋಲಿನ ಕಾಲದ ಎಣ್ಣೆಯಲ್ಲಿ ಸೀಸವೂ ಇರುತ್ತಿತ್ತು. ಚರ್ಮಕ್ಕೆ ಅದರಿಂದ ಕೇಡೆಂಬ ಎಚ್ಚರಿಕೆಯನ್ನು ಕೈಪಿಡಿಗಳೂ ಡಬ್ಬಿಗಳೂ ಮುಂದೆ ಮುದ್ರಿಸತೊಡಗಿದವು. ಮನೆಯಂಗಳದ ಸ್ವಾವಲಂಬನೆಯ ಬೆಲೆಯನ್ನು ನೆರೆಯ ಬಾವಿ, ತೊರೆಗಳು ತೆತ್ತದ್ದುಂಟು. ಭಾರತದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ನಿಯಮಗಳಿಗೆ ಒಳಪಟ್ಟಿದೆ. ಅದನ್ನು ಮರಳಿ ಶುದ್ಧೀಕರಣಕ್ಕೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ವ್ಯವಸ್ಥೆ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಒಂದೇ ಕಡೆ ಎಣ್ಣೆ ಬದಲಾದರೆ ಅದನ್ನು ಸಂಗ್ರಹಿಸುವುದು ಸುಲಭ ಎಂಬ ವರ್ಕ್‌ಶಾಪುಗಳ ಪರವಾದ ವಾದವನ್ನು ತಳ್ಳಿಹಾಕಲಾಗದು.

ಅತ್ತ ಯಂತ್ರವೂ ಬದಲಾಯಿತು. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಒಂದೇ ಹದದಲ್ಲಿ ಕೆಲಸಮಾಡುವ ಮಲ್ಟಿಗ್ರೇಡ್ ಎಣ್ಣೆಗಳು ಐವತ್ತರ ದಶಕದಿಂದಲೂ, ಕೃತಕವಾಗಿ ತಯಾರಿಸಿದ ಸಿಂಥೆಟಿಕ್ ಎಣ್ಣೆಗಳು ಎಪ್ಪತ್ತರ ದಶಕದಿಂದಲೂ ಸಾಮಾನ್ಯ ಕಾರುಗಳಿಗೆ ಬಂದವು. ಮೂರು ಸಾವಿರ ಮೈಲಿಯ ಅವಧಿ ಹತ್ತು, ಹದಿನೈದು ಸಾವಿರ ಕಿಲೋಮೀಟರಿಗೆ ಹಿಗ್ಗಿತು. ಇದು ನಿಜವಾದ ಪ್ರಗತಿ. ಗಿಡ್ಡ ಕಾರುಗಳಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಎಂಜಿನ್ನನ್ನು ಇನ್ನಷ್ಟು ತಗ್ಗಿಸಲು ತಳದ ಆಳವಾದ ಸಂಪೇ ಅಡ್ಡಿ. ವೇಗದ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪಿಗೆ ಸಿಗದಂತಾಗುವುದೂ ಉಂಟು. ಅದಕ್ಕಾಗಿ ಎಣ್ಣೆಯನ್ನು ಬೇರೊಂದು ತೊಟ್ಟಿಯಲ್ಲಿಡುವ ‘ಡ್ರೈ ಸಂಪ್’ ಪದ್ಧತಿ ರೇಸ್ ಕಾರುಗಳಿಂದ ರಸ್ತೆಗೆ ಇಳಿಯಿತು. ಗಾಳಿಯಿಂದ ತಣಿಯುವ ಎಂಜಿನ್ನಿನ ಪೋರ್ಷೆ 911 ಕಾರುಗಳಲ್ಲಿ ಈ ಪದ್ಧತಿಯಿತ್ತು. ಅವುಗಳ ಎಣ್ಣೆಯ ಮಟ್ಟವನ್ನು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು. ಅದು ಇನ್ನೂ ಒಡೆಯನು ಕಲಿಯಬಹುದಾದ ಸೂಕ್ಷ್ಮವಾಗಿತ್ತು.

ಆಮೇಲಿನ ಬದಲಾವಣೆಗಳ ಸ್ವರೂಪ ಬೇರೆ. ಗಾಳಿಯ ಹರಿವಿಗೆಂದು ಕಾರಿನ ಇಡೀ ತಳವನ್ನು ಹಲಗೆಗಳಿಂದ ಮುಚ್ಚಲಾಯಿತು. ಸಂಪಿನ ತಿರುಪನ್ನು ಕಾಣಬೇಕಾದರೆ ಹತ್ತಾರು ಸ್ಕ್ರೂಗಳನ್ನು ಬಿಚ್ಚಬೇಕು. ಪೋರ್ಷೆ, ಬಿಎಂಡಬ್ಲ್ಯೂಗಳ ಅನೇಕ ಮಾದರಿಗಳಲ್ಲಿ ಅಳತೆಕಡ್ಡಿಯೇ ಮಾಯವಾಗಿ, ಎಣ್ಣೆಯ ಮಟ್ಟ ಪರದೆಯ ಮೇಲಿನ ಚಿತ್ರವಾಯಿತು. ಎಣ್ಣೆ ಬದಲಿಸಿದ ಮೇಲೆ ಕಂಪ್ಯೂಟರಿಗೂ ತಿಳಿಸಬೇಕು. ಇಲ್ಲವಾದರೆ ಸರ್ವಿಸಿನ ದೀಪ ಆರದು. ಕೆಲಸ ಅದೇ, ತಿರುಪೂ ಅದೇ. ಆದರೆ ಅದನ್ನು ಮಾಡುವ ಅನುಮತಿ ಒಡೆಯನ ಕೈಯಿಂದ ಜಾರಿ ಬೇರೆಡೆ ಸೇರಿತು. 2020ರ ಕೊನೆಯಲ್ಲಿ, ಹೊಸ ಕಾರುಗಳಿಗೆ ಮುದ್ರಿತ ಕೈಪಿಡಿಗಳನ್ನು ಇನ್ನು ತರುವುದಿಲ್ಲವೆಂದು ಹೇನ್ಸ್ ಪ್ರಕಾಶನ ಪ್ರಕಟಿಸಿತು. ಜಾನ್ ಹೇನ್ಸ್ ಅದಕ್ಕೂ ಮೊದಲೇ, 2019ರಲ್ಲಿ ತೀರಿಕೊಂಡಿದ್ದರು.

ನಮ್ಮಲ್ಲಿ ಕಾರಿನ ಒಡೆಯನು ಅದರಡಿ ಮಲಗುವ ಪದ್ಧತಿ ಬಲವಾಗಿ ಬೆಳೆಯಲಿಲ್ಲ. ಕೂಲಿ ಅಗ್ಗ, ಮನೆಗೆ ಗ್ಯಾರೇಜಿಲ್ಲ, ಕೈಗೆ ಮಸಿ ಹತ್ತುವ ಕೆಲಸದ ಬಗ್ಗೆ ಜಾತಿಯಿಂದ ಬಂದ ಹಿಂಜರಿಕೆಯೂ ಇದ್ದೀತು. ಇಲ್ಲಿ ಆ ವಿದ್ಯೆ ಬೆಳೆದದ್ದು ಮುಂಬೈ, ಹೈದರಾಬಾದು, ದೆಹಲಿಗಳ ಗಲ್ಲಿಯ ಗ್ಯಾರೇಜುಗಳಲ್ಲಿ, ಉಸ್ತಾದನಿಂದ ಶಿಷ್ಯನಿಗೆ, ಪುಸ್ತಕವಿಲ್ಲದೆ. ಯಂತ್ರವನ್ನು ಮುಚ್ಚಿದಾಗ ಬ್ರಿಟನ್ನಿನಲ್ಲಿ ಒಬ್ಬ ಹವ್ಯಾಸಿಯ ಭಾನುವಾರ ಹೋಯಿತು. ನಮ್ಮಲ್ಲಿ ಹೋಗುವುದು ಉಸ್ತಾದನ ಅನ್ನ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗಿಂತ ಹೆಚ್ಚಿನ ದಂಡ ವಿಧಿಸಿದಾಗ ಎತ್ತಿಹಿಡಿದ ಆಕ್ಷೇಪ ಇದೇ: ಬಿಡಿಭಾಗಗಳು, ದೋಷ ಪತ್ತೆಮಾಡುವ ಉಪಕರಣಗಳು ಮತ್ತು ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯಲಾಗಿದೆ. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ಅದರ ವ್ಯಾಪ್ತಿಯಲ್ಲಿ ಮೊಬೈಲು, ಗೃಹೋಪಕರಣ, ಕೃಷಿ ಯಂತ್ರಗಳೊಂದಿಗೆ ವಾಹನಗಳೂ ಸೇರಿದ್ದವು.

ಕಾನೂನು ಮಾಹಿತಿಯ ಬಾಗಿಲನ್ನು ತೆರೆಸಬಹುದು. ತೆರೆದ ಮೇಲೆ ಆ ಮಾಹಿತಿ ಯಾವ ಭಾಷೆಯಲ್ಲಿ, ಯಾರಿಗೆ ಅರ್ಥವಾಗುವಂತೆ ಇರುತ್ತದೆಂಬುದು ಬರೆಯುವವರ ಪ್ರಶ್ನೆ. ಏಡನ್ನಿನಲ್ಲಿ ಹೇನ್ಸ್ ಮುಂದೆ ಕೈಪಿಡಿ ಇತ್ತು. ಓದಬೇಕಾದವನಿಗೆ ಅದು ಅರ್ಥವಾಗುತ್ತಿರಲಿಲ್ಲ, ಅಷ್ಟೇ. ವಿಜ್ಞಾನವನ್ನು ಕನ್ನಡದ ಓದುಗರಿಗೆ ದೊರಕಿಸಲೆಂದು ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ರಚಿಸಿದ ಭಾಷೆ ನಮ್ಮದು. ಗ್ಯಾರೇಜಿನ ಉಸ್ತಾದನೊಬ್ಬನ ಪಕ್ಕದಲ್ಲಿ ಕುಳಿತು, ಅವನು ತಿರುಪು ಬಿಚ್ಚುವ ಕ್ರಮವನ್ನು ಅವನದೇ ಮಾತುಗಳಲ್ಲಿ, ಒಂದೊಂದೇ ಚಿತ್ರದೊಂದಿಗೆ ಬರೆದಿಡುವುದು ಸಾಹಿತ್ಯದ ಗೆಳೆಯರು ಕೈಹಾಕಬಹುದಾದ ಕೆಲಸವೇ. ಮುಂಬೈ, ಹೈದರಾಬಾದುಗಳ ನಮ್ಮ ಮನೆಗಳಿಂದ ಅಂಥ ಗ್ಯಾರೇಜುಗಳು ದೂರವೇನೂ ಇಲ್ಲ.